ಹನಿಗಿಂತ ಮೊದಲು ಮಾತು

ಪೋಲಿಯೋ ಲಸಿಕೆ ಬಹಳ ನಾಜೂಕಿನ ವಸ್ತು. ಬಿಸಿ ತಾಗಿದರೆ ಅದರ ಶಕ್ತಿ ಕುಂದುತ್ತದೆ. ಹೀಗಾಗಿ ತಯಾರಾದ ಜಾಗದಿಂದ ಹೊರಟ ಲಸಿಕೆಯ ಸೀಸೆ ಶೀತಲ ಕೊಠಡಿ, ಶೀತಲ ವಾಹನ, ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜು, ಕೊನೆಗೆ ಆರೋಗ್ಯ ಕಾರ್ಯಕರ್ತೆಯ ಹೆಗಲಿಗೆ ತೂಗುಬಿದ್ದ ಮಂಜುಗಡ್ಡೆಯ ಪೆಟ್ಟಿಗೆ, ಹೀಗೆ ಕೈಯಿಂದ ಕೈಗೆ ತಣ್ಣಗೇ ಸಾಗಿ ಊರು ಮುಟ್ಟುತ್ತದೆ. ಸೀಸೆಯ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ತಿಳಿಬಣ್ಣದ ಒಂದು ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಆ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾಯಿತೆಂದರೆ ಆ ಸೀಸೆಯನ್ನು ಬಳಸುವಂತಿಲ್ಲ.

ಇಷ್ಟು ಜೋಪಾನವಾಗಿ ಬಂದ ಲಸಿಕೆ ಒಂದು ಮನೆಯ ಹೊಸ್ತಿಲ ಬಳಿ ನಿಲ್ಲುತ್ತದೆ. ಒಳಗಿನಿಂದ ತಾಯಿ, "ನಮ್ಮ ಮಗುವಿಗೆ ಬೇಡ" ಎನ್ನುತ್ತಾಳೆ. ಅಲ್ಲಿಗೆ ಅಷ್ಟು ದೂರದ ಪ್ರಯಾಣ ವ್ಯರ್ಥ. ಹೊಸ್ತಿಲಿನಿಂದ ಮಗುವಿನ ನಾಲಿಗೆಗೆ ಇರುವ ದೂರ ನಾಲ್ಕೇ ಹೆಜ್ಜೆ. ಆದರೆ ಆ ನಾಲ್ಕು ಹೆಜ್ಜೆ ದಾಟಿಸಲು ಯಾವ ಮಂಜುಗಡ್ಡೆಯ ಪೆಟ್ಟಿಗೆಯಿಂದಲೂ ಆಗದು. ದಾಟಿಸಬಲ್ಲದ್ದು ಮಾತು ಮಾತ್ರ.

ಆ ಮಾತನ್ನು ಯಾರು ಆಡಬೇಕು, ಯಾವಾಗ ಆಡಬೇಕು, ಹೇಗೆ ಆಡಬೇಕು ಎಂಬುದನ್ನು ಕಲಿಯಲು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ನಂಥ ದೊಡ್ಡ ಸಂಸ್ಥೆಗಳಿಗೆ ದಶಕಗಳೇ ಹಿಡಿದವು. ಈ ಕಲಿಕೆಯಲ್ಲಿ ಹೆಮ್ಮೆಪಡುವಂಥ ಗೆಲುವುಗಳಿವೆ, ಪ್ರಾಣವನ್ನೇ ಬೆಲೆಯಾಗಿ ತೆತ್ತ ಸೋಲುಗಳೂ ಇವೆ. ಎರಡನ್ನೂ ತಿಳಿದುಕೊಂಡರೆ ನಮ್ಮ ಮನೆಗೆ ಬರುವ ಆರೋಗ್ಯ ಸಂದೇಶಗಳನ್ನು ಅಳೆದು ನೋಡುವ ವಿವೇಕ ನಮಗೂ ಬಂದೀತು.

ಮಾತೇ ಆಯುಧ

ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ್ದು 1948ರ ಏಪ್ರಿಲ್ 7ರಂದು. ಆ ದಿನವನ್ನೇ ನಾವು ಪ್ರತಿವರ್ಷ ವಿಶ್ವ ಆರೋಗ್ಯ ದಿನವಾಗಿ ಆಚರಿಸುತ್ತೇವೆ. ಅದರ ಮುಖ್ಯ ಕಚೇರಿ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿದೆ. ಆಗ್ನೇಯ ಏಷ್ಯಾ ವಲಯದ ಕಚೇರಿ ನಮ್ಮ ದೆಹಲಿಯಲ್ಲೇ ಇದೆ. ಯುನಿಸೆಫ್ ಅದಕ್ಕಿಂತಲೂ ಹಿರಿದು. ಎರಡನೇ ಮಹಾಯುದ್ಧದಿಂದ ನಲುಗಿದ ಮಕ್ಕಳಿಗೆ ನೆರವಾಗಲೆಂದು 1946ರಲ್ಲಿ ಆರಂಭವಾದ ಸಂಸ್ಥೆ ಅದು.

ಈ ಸಂಸ್ಥೆಗಳಿಗೆ ಪೊಲೀಸರಿಲ್ಲ. ತಮ್ಮ ಮಾತು ಕೇಳದ ದೇಶಕ್ಕೆ ಶಿಕ್ಷೆ ವಿಧಿಸುವ ಅಧಿಕಾರವೂ ಇಲ್ಲ. ಸಲಹೆ ಕೊಡಬಹುದು, ಎಚ್ಚರಿಸಬಹುದು, ಮನವೊಲಿಸಬಹುದು. ಆದ್ದರಿಂದ ಮಾತನಾಡುವ ಕಲೆ ಅವುಗಳಿಗೆ ಅಲಂಕಾರವಲ್ಲ, ಕಸುಬು. ಯಾರಿಗೆ ಹೇಳಬೇಕು, ಯಾರ ಬಾಯಿಂದ ಹೇಳಿಸಬೇಕು, ಯಾವ ಹೊತ್ತಿನಲ್ಲಿ ಎಷ್ಟು ಹೇಳಬೇಕು, ಕೇಳಿದವರು ಏನು ಮಾಡಬೇಕು ಎಂಬುದನ್ನೆಲ್ಲ ಮೊದಲೇ ಯೋಚಿಸಿ ಮಾತನಾಡುವುದಕ್ಕೆ 'ಯೋಜಿತ ಸಂವಹನ' ಎನ್ನುತ್ತಾರೆ. ಇದು ಬರೀ ಪ್ರಚಾರವಲ್ಲ. ಪ್ರಚಾರದಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಸಂವಹನದಲ್ಲಿ ಹೇಳುವವರೂ ಕೇಳಿಸಿಕೊಳ್ಳಬೇಕು. ಇಡೀ ಕಥೆಯ ಸಾರ ಇರುವುದು ಈ ವ್ಯತ್ಯಾಸದಲ್ಲಿ.

ಚಿತ್ರದ ಕಾರ್ಡು, ಸಾವಿರ ರೂಪಾಯಿ

ಸಿಡುಬಿನ ನಿರ್ಮೂಲನೆಯಿಂದ ಆರಂಭಿಸೋಣ. ನಮ್ಮ ಕಡೆ ಸಿಡುಬಿಗೆ 'ಅಮ್ಮ' ಎಂದೇ ಹೆಸರಿತ್ತು. ಅಮ್ಮ ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟುತ್ತಿದ್ದರು. ದೇವಿಯೇ ಮನೆಗೆ ಬಂದಿದ್ದಾಳೆಂದು ನಂಬಿದ ಕುಟುಂಬ, ಸರ್ಕಾರದ ಸಿಬ್ಬಂದಿಗೆ ಹೋಗಿ ವರದಿ ಕೊಡುವುದು ಸುಲಭದ ಮಾತಾಗಿರಲಿಲ್ಲ. ಉತ್ತರ ಭಾರತದಲ್ಲಿ ಶೀತಲಾ ದೇವಿಯ ಹೆಸರಿನಲ್ಲಿ ಇದೇ ನಂಬಿಕೆ ಇತ್ತು.

1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬಿನ ವಿರುದ್ಧ ತೀವ್ರ ಕಾರ್ಯಕ್ರಮ ಕೈಗೊಂಡಿತು. ಎಲ್ಲರಿಗೂ ಲಸಿಕೆ ಹಾಕುವುದಷ್ಟೇ ಸಾಲದು, ರೋಗಿ ಎಲ್ಲಿದ್ದಾನೆಂದು ಬೇಗ ಪತ್ತೆ ಹಚ್ಚಿ ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕಬೇಕು ಎಂಬುದು ಕ್ರಮೇಣ ತಿಳಿಯಿತು. ಪತ್ತೆಯಾಗಬೇಕಾದರೆ ಜನ ಹೇಳಬೇಕು. ಓದು ಬಾರದವರಿಗೆ ಕರಪತ್ರ ಹಂಚಿ ಫಲವೇನು? ಅದಕ್ಕಾಗಿ ಸಿಡುಬಿನ ಗುಳ್ಳೆಗಳೆದ್ದ ಮಗುವಿನ ಚಿತ್ರವಿರುವ ಕಾರ್ಡು ಸಿದ್ಧವಾಯಿತು. ಕಾರ್ಯಕರ್ತರು ಶಾಲೆ, ಸಂತೆ, ಚಹಾದಂಗಡಿಗಳಿಗೆ ಹೋಗಿ ಕಾರ್ಡು ತೋರಿಸಿ, "ಇಂಥವರನ್ನು ಎಲ್ಲಾದರೂ ನೋಡಿದ್ದೀರಾ?" ಎಂದು ಕೇಳುತ್ತಿದ್ದರು. ಭಾರತದಲ್ಲಿ ರೋಗ ಕೊನೆಯ ಹಂತಕ್ಕೆ ಬಂದಾಗ, ಹೊಸ ಸಿಡುಬಿನ ರೋಗಿಯ ಸುದ್ದಿ ಕೊಟ್ಟವರಿಗೆ 1,000 ರೂಪಾಯಿ ಬಹುಮಾನವೆಂದು ಗೋಡೆಗಳ ಮೇಲೆ ಬರೆಸಿದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಕಾರ್ಡು, ಬಹುಮಾನಗಳಲ್ಲಿ ನಿಮ್ಮ ನಂಬಿಕೆ ತಪ್ಪು ಎಂಬ ವಾದ ಇರಲಿಲ್ಲ. ಜನರಿಗೆ ಗೊತ್ತಿರುವುದನ್ನು ಕೇಳಿದರು, ಗೊತ್ತಿದ್ದವರನ್ನು ಗೌರವಿಸಿದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಭೂಮಿಯಿಂದಲೇ ಸಿಡುಬು ತೊಲಗಿತೆಂದು ಸಾರಿತು.

ಎರಡು ಹನಿ, ಹತ್ತು ಪ್ರಶ್ನೆ

1988ರಲ್ಲಿ ಪೋಲಿಯೋ ನಿರ್ಮೂಲನೆಯ ಸಂಕಲ್ಪವಾಯಿತು. ಆಗ ಪ್ರಪಂಚದಲ್ಲಿ ವರ್ಷಕ್ಕೆ ಅಂದಾಜು ಮೂರೂವರೆ ಲಕ್ಷ ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಈ ರೋಗಕ್ಕೆ ತುತ್ತಾಗುತ್ತಿದ್ದರು. ನಮ್ಮ ದೇಶದಲ್ಲಿ 1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ಭಾನುವಾರದ ಬೂತುಗಳು, ಮಕ್ಕಳ ಕಿರುಬೆರಳಿನ ಮೇಲಿನ ಶಾಯಿಯ ಗುರುತು, ದೂರದರ್ಶನದಲ್ಲಿ ಅಮಿತಾಭ್ ಬಚ್ಚನ್ ಮಾಡಿದ ಮನವಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ಆದರೂ 2002ರಲ್ಲಿ ದೇಶದಲ್ಲಿ ಪೋಲಿಯೋ ಒಮ್ಮೆಲೇ ಉಲ್ಬಣಿಸಿತು. 2001ರಲ್ಲಿ 268 ಇದ್ದ ಪ್ರಕರಣಗಳು 2002ರಲ್ಲಿ ಸುಮಾರು 1,600ಕ್ಕೆ ಏರಿದವು. ಅವುಗಳಲ್ಲಿ 1,200ಕ್ಕೂ ಹೆಚ್ಚು ಉತ್ತರ ಪ್ರದೇಶ ಒಂದರಲ್ಲೇ. ಅದರ ಬಿಸಿ ನಮಗೂ ತಟ್ಟದೆ ಹೋಗಲಿಲ್ಲ. 2003ರಲ್ಲಿ ಕರ್ನಾಟಕದಲ್ಲೂ ಮಕ್ಕಳು ಪೋಲಿಯೋಗೆ ತುತ್ತಾದರು. ಉತ್ತರದ ಒಂದು ಊರಿನಲ್ಲಿ ಬಾಗಿಲು ಮುಚ್ಚಿದರೆ ದಕ್ಷಿಣದ ಮಗುವಿನ ಕಾಲಿಗೆ ಅಪಾಯ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಪಶ್ಚಿಮ ಉತ್ತರ ಪ್ರದೇಶದ ಮೊರಾದಾಬಾದ್ ಸುತ್ತಮುತ್ತಲ ಹಲವು ಮನೆಗಳವರು ಹನಿ ಬೇಡವೆನ್ನುತ್ತಿದ್ದರು. ಇದು ಮಕ್ಕಳಾಗದಂತೆ ಮಾಡುವ ಹುನ್ನಾರ ಎಂಬ ಗಾಳಿಸುದ್ದಿ ಹಬ್ಬಿತ್ತು. ಮೇಲ್ನೋಟಕ್ಕೆ ಇದು ಅಜ್ಞಾನವೆಂದು ತೋರುತ್ತದೆ. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದದ್ದು ಸುಳ್ಳಲ್ಲ. ಅದನ್ನು ಕಂಡ ಹಿರಿಯರು ಮನೆಗಳಲ್ಲಿದ್ದರು. ಸರ್ಕಾರದ ಮಂದಿ ಮನೆ ಮನೆಗೆ ಬಂದು ಬಿಟ್ಟಿಯಾಗಿ ಏನನ್ನೋ ಕೊಡುತ್ತೇವೆಂದರೆ ಅವರಿಗೆ ಅನುಮಾನ ಬಾರದಿರುತ್ತದೆಯೆ?

ತಾಯಂದಿರು ಕೇಳುತ್ತಿದ್ದ ಪ್ರಶ್ನೆಗಳು ಇನ್ನೂ ನೇರವಾಗಿದ್ದವು. ಮಗುವಿಗೆ ಭೇದಿಯಾದಾಗ ಯಾರೂ ಬರುವುದಿಲ್ಲ, ಜ್ವರ ಬಂದಾಗ ಆಸ್ಪತ್ರೆಯಲ್ಲಿ ಔಷಧವಿಲ್ಲ, ಬೀದಿಯ ಚರಂಡಿ ತುಂಬಿ ಹರಿಯುತ್ತಿದೆ, ಈ ಹನಿ ಹಾಕಲು ಮಾತ್ರ ತಿಂಗಳು ತಿಂಗಳೂ ಬರುತ್ತೀರಲ್ಲ, ಏಕೆ? ಎರಡು ಹನಿ ಸಾಕೆಂದು ಹೇಳಿದಿರಿ, ಹಾಕಿಸಿದೆವು, ಮತ್ತೆ ಮತ್ತೆ ಏಕೆ?

ಎರಡನೆಯ ಪ್ರಶ್ನೆಗೆ ವೈದ್ಯಕೀಯ ಉತ್ತರ ಇತ್ತು. ಜನದಟ್ಟಣೆ, ಹೊಲಸು ನೀರು, ಪದೇ ಪದೇ ಬರುವ ಭೇದಿ ಇರುವ ಕಡೆ ಬಾಯಿಯ ಮೂಲಕ ಕೊಡುವ ಲಸಿಕೆ ಒಂದೆರಡು ಬಾರಿಗೆ ಕರುಳಿನಲ್ಲಿ ಚೆನ್ನಾಗಿ ನಾಟುವುದಿಲ್ಲ. ಹಾಗಾಗಿ ಹಲವು ಸಲ ಹಾಕಬೇಕಾಗುತ್ತದೆ. ಆದರೆ 'ಎರಡು ಹನಿ' ಎಂಬ ಘೋಷಣೆ ಎಷ್ಟು ಮನಸ್ಸಿನಲ್ಲಿ ಕೂತಿತ್ತೆಂದರೆ, ಅದೇ ಈಗ ಅಡ್ಡಿಯಾಯಿತು. ಪ್ರತಿ ಮಗುವಿಗೂ, ಪ್ರತಿ ಸಲವೂ ಎಂದು ಸಂದೇಶವನ್ನು ತಿದ್ದಬೇಕಾಯಿತು. ಘೋಷಣೆ ಸುಲಭವಾಗಿರಬೇಕು ನಿಜ, ಆದರೆ ಅರ್ಧಸತ್ಯವಾಗಬಾರದು.

ಮೊದಲ ಪ್ರಶ್ನೆಗೆ ಬರೀ ಮಾತಿನ ಉತ್ತರ ಸಾಲದು. ಯುನಿಸೆಫ್ ತನ್ನ ಸಹವರ್ತಿಗಳೊಡನೆ 2001ರ ಸುಮಾರಿಗೆ ಉತ್ತರ ಪ್ರದೇಶದಲ್ಲಿ ಸಮುದಾಯ ಕಾರ್ಯಕರ್ತರ ಜಾಲವೊಂದನ್ನು ಕಟ್ಟತೊಡಗಿತು. ಅವರಲ್ಲಿ ಹೆಚ್ಚಿನವರು ಅದೇ ಬೀದಿಯ ಹೆಂಗಸರು. ಜೀಪಿನಲ್ಲಿ ಬಂದು ಹೋಗುವವರಲ್ಲ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮಗುವಿಗೆ ಹೋದ ಸಲ ಹನಿ ತಪ್ಪಿತು, ಯಾವ ಅತ್ತೆಯ ಮಾತು ಮನೆಯಲ್ಲಿ ನಡೆಯುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಈ ಜಾಲ ಬೆಳೆದು ಕಾರ್ಯಕರ್ತರ ಸಂಖ್ಯೆ ಕೆಲವು ಸಾವಿರ ದಾಟಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸಂಸ್ಥೆಗಳ ವಿದ್ವಾಂಸರು ಕೈಜೋಡಿಸಿದರು. ಮಸೀದಿಗಳ ಧ್ವನಿವರ್ಧಕಗಳಿಂದಲೇ ಹನಿಯ ದಿನವನ್ನು ಸಾರಿದರು. ಮಕ್ಕಳ ಗುಂಪುಗಳು ಬೀದಿ ಬೀದಿ ಸುತ್ತಿ ಚಿಕ್ಕವರನ್ನು ಬೂತಿಗೆ ಕರೆತಂದವು.

ಜೊತೆಗೆ ಕಾರ್ಯಕ್ರಮವೂ ಬದಲಾಯಿತು. ಅಪಾಯ ಹೆಚ್ಚಿರುವ 107 ಬ್ಲಾಕುಗಳನ್ನು ಉತ್ತರ ಪ್ರದೇಶ ಮತ್ತು ಬಿಹಾರದಲ್ಲಿ ಗುರುತಿಸಿ, ಅಲ್ಲಿ ಹನಿಯ ಜೊತೆಗೆ ಕೈತೊಳೆಯುವುದು, ಎದೆಹಾಲು, ಭೇದಿಗೆ ಓಆರ್‌ಎಸ್ ಮತ್ತು ಸತು, ಶುದ್ಧ ನೀರು, ಇತರ ಲಸಿಕೆಗಳು ಇವೆಲ್ಲವನ್ನೂ ಸೇರಿಸಿದರು. ತಾಯಂದಿರ ದೂರನ್ನು ಕೇಳಿಸಿಕೊಂಡದ್ದರ ಗುರುತು ಇದು. 2010ರ ಆರಂಭದಲ್ಲಿ ಹೆಚ್ಚು ಪರಿಣಾಮಕಾರಿಯಾದ ಹೊಸ ಬಗೆಯ ಲಸಿಕೆ ಬಂದದ್ದೂ ದೊಡ್ಡ ನೆರವಾಯಿತು. ಮಾತೊಂದರಿಂದಲೇ ಎಲ್ಲ ಆಯಿತೆಂದು ಹೇಳಿದರೆ ತಪ್ಪಾದೀತು. ಆದರೆ ಆ ಹೊಸ ಲಸಿಕೆಗೂ ಬಾಗಿಲು ತೆರೆಸಬೇಕಾದದ್ದು ಮಾತೇ.

2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು. 2010ರಲ್ಲಿ 42. 2011ರಲ್ಲಿ ಒಂದೇ ಒಂದು. ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಹುಡುಗಿಯೊಬ್ಬಳು ಅಸ್ವಸ್ಥಳಾದದ್ದೇ ಭಾರತದಲ್ಲಿ ಕಾಡು ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯ ಪೋಲಿಯೋ ಮುಕ್ತವೆಂದು ಪ್ರಮಾಣಪತ್ರ ಪಡೆಯಿತು.

ಮಾತು ತಪ್ಪಿದ ಕಾನೋ

ಇದೇ ಅವಧಿಯಲ್ಲಿ ಆಫ್ರಿಕದ ನೈಜೀರಿಯಾದಲ್ಲಿ ಬೇರೆಯದೇ ಕಥೆ ನಡೆಯಿತು. 2003ರಲ್ಲಿ ಆ ದೇಶದ ಉತ್ತರ ಭಾಗದ ಕಾನೋ ರಾಜ್ಯ ಪೋಲಿಯೋ ಲಸಿಕೆಯನ್ನು ನಿಲ್ಲಿಸಿಬಿಟ್ಟಿತು. ಅಲ್ಲಿಯೂ ಹಬ್ಬಿದ್ದು ಸಂತಾನಹರಣದ ಗಾಳಿಸುದ್ದಿಯೇ. ಈ ಸಂಶಯಕ್ಕೂ ಒಂದು ಹಿನ್ನೆಲೆ ಇತ್ತು. 1996ರಲ್ಲಿ ಕಾನೋದಲ್ಲಿ ಮಿದುಳ್ಪೊರೆಯ ಉರಿಯೂತ ಹರಡಿದ್ದಾಗ ವಿದೇಶೀ ಔಷಧ ಕಂಪೆನಿಯೊಂದು ಅಲ್ಲಿನ ಮಕ್ಕಳ ಮೇಲೆ ಹೊಸ ಔಷಧದ ಪ್ರಯೋಗ ನಡೆಸಿತ್ತು. ಅದು ದೊಡ್ಡ ವಿವಾದವಾಗಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಆ ಗಾಯ ಇನ್ನೂ ಹಸಿಯಾಗಿದ್ದಾಗಲೇ ಹೊರಗಿನವರು ಲಸಿಕೆಯ ಪೆಟ್ಟಿಗೆ ಹಿಡಿದು ಬಂದಿದ್ದರು.

ಲಸಿಕೆ ಸುರಕ್ಷಿತವೆಂದು ಜಿನೀವಾದಿಂದ ಎಷ್ಟು ಸಾರಿದರೂ ಫಲವಾಗಲಿಲ್ಲ. ಹೇಳಿದ್ದು ಸತ್ಯವೇ. ಆದರೆ ಹೇಳಿದವರ ಮೇಲೆ ನಂಬಿಕೆ ಇರಲಿಲ್ಲ. ಸ್ಥಳೀಯ ಧಾರ್ಮಿಕ ನಾಯಕರೊಡನೆ, ಮುಸ್ಲಿಂ ದೇಶಗಳ ಪ್ರತಿನಿಧಿಗಳೊಡನೆ ಮಾತುಕತೆ ನಡೆದು, ಮುಸ್ಲಿಮರೇ ಹೆಚ್ಚಾಗಿರುವ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ಬಳಸುವುದೆಂದು ಒಪ್ಪಿಗೆಯಾದ ಮೇಲೆ, 2004ರಲ್ಲಿ ಕಾನೋ ಮತ್ತೆ ಬಾಗಿಲು ತೆರೆಯಿತು.

ಅಷ್ಟರಲ್ಲಿ ವೈರಸ್ಸು ದೇಶದ ಗಡಿ ದಾಟಿತ್ತು. ಪೋಲಿಯೋ ತೊಲಗಿದ್ದ ಹಲವು ದೇಶಗಳಿಗೆ ಅದು ಮತ್ತೆ ಕಾಲಿಟ್ಟಿತು. 2005ರಲ್ಲಿ ಇಂಡೋನೇಷ್ಯಾದಲ್ಲೇ ಸುಮಾರು 300 ಮಕ್ಕಳು ಪೋಲಿಯೋಗೆ ತುತ್ತಾದರು. ಲಸಿಕೆ ಕಳುಹಿಸಿಕೊಟ್ಟ ದೇಶಕ್ಕೇ ರೋಗ ಹೋಗಿ ತಲುಪಿತು! ಕೆಲವು ತಿಂಗಳು ಮುರಿದಿದ್ದ ನಂಬಿಕೆಯ ಬೆಲೆ ಇದು. ಆಫ್ರಿಕ ವಲಯ ಕಾಡು ಪೋಲಿಯೋದಿಂದ ಮುಕ್ತವೆಂದು ಘೋಷಿತವಾದದ್ದು 2020ರ ಆಗಸ್ಟ್ 25ರಂದು.

ಸತ್ಯವೂ ಓಡಿಸಬಹುದು

ಎಬೋಲಾ ಕಲಿಸಿದ ಪಾಠ ಇನ್ನೂ ಕಠಿಣ. 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಈ ರೋಗ ಹಬ್ಬಿತು. ಆರಂಭದ ಪೋಸ್ಟರುಗಳು, ರೇಡಿಯೋ ಸಂದೇಶಗಳು ಸಾರಿದ್ದು ಒಂದೇ ಮಾತು: ಎಬೋಲಾ ಕೊಲ್ಲುತ್ತದೆ, ಇದಕ್ಕೆ ಔಷಧವಿಲ್ಲ. ಅಂದಿನ ಮಟ್ಟಿಗೆ ಅದು ನಿಜವೇ ಆಗಿತ್ತು. ಆದರೆ ಕೇಳಿದವರು ಏನು ಯೋಚಿಸಿದರು? ಔಷಧವೇ ಇಲ್ಲವೆಂದ ಮೇಲೆ ಆಸ್ಪತ್ರೆಗೆ ಏಕೆ ಹೋಗಬೇಕು? ಸಾಯುವುದಾದರೆ ಮನೆಯಲ್ಲೇ, ನಮ್ಮವರ ನಡುವೆ ಸಾಯಲಿ. ಹೀಗೆ ರೋಗಿಗಳು ಮನೆಯಲ್ಲೇ ಉಳಿದರು. ಆರೈಕೆ ಮಾಡಿದ ತಾಯಿ, ಹೆಂಡತಿ, ಮಗಳಿಗೂ ರೋಗ ತಗಲಿತು. ಬೇಗ ಬಂದರೆ ದ್ರವಾಂಶ ಕೊಟ್ಟು, ಆರೈಕೆ ಮಾಡಿ ಹಲವರನ್ನು ಬದುಕಿಸಬಹುದು ಎಂಬ ಇನ್ನೊಂದು ಸತ್ಯವನ್ನು ಹೇಳಲು ತಡವಾಯಿತು.

ಇನ್ನು ಶವಸಂಸ್ಕಾರದ ವಿಷಯ. ಸತ್ತವರ ದೇಹದಲ್ಲೂ ಎಬೋಲಾ ವೈರಸ್ಸು ಇರುತ್ತದೆ. ಶವಕ್ಕೆ ಸ್ನಾನ ಮಾಡಿಸುವುದು, ಮುಟ್ಟಿ ಬೀಳ್ಕೊಡುವುದು ಅಲ್ಲಿನ ಸಂಪ್ರದಾಯ. ಇದನ್ನು ತಡೆಯಲೆಂದು ಮೈತುಂಬ ಬಿಳಿ ಉಡುಪು, ಮುಖವಾಡ ತೊಟ್ಟವರು ಬಂದು ಶವವನ್ನು ಚೀಲದಲ್ಲಿ ಕಟ್ಟಿ ಒಯ್ಯುತ್ತಿದ್ದರು. ಮನೆಯವರಿಗೆ ಮುಖ ನೋಡುವ ಅವಕಾಶವೂ ಇಲ್ಲ, ಪ್ರಾರ್ಥನೆಯೂ ಇಲ್ಲ, ಕೆಲವು ಕಡೆ ಗೋರಿ ಎಲ್ಲಿದೆ ಎಂಬುದೂ ತಿಳಿಯದು. ನಮ್ಮ ಮನೆಯಲ್ಲಿ ಹೀಗಾದರೆ ನಾವು ಸುಮ್ಮನಿರುತ್ತೇವೆಯೆ? ಜನ ರೋಗಿಗಳನ್ನು ಬಚ್ಚಿಟ್ಟರು, ರಾತ್ರಿ ಗುಟ್ಟಾಗಿ ಹೂಳಿದರು. 2014ರ ಸೆಪ್ಟೆಂಬರ್‌ನಲ್ಲಿ ಗಿನಿ ದೇಶದ ವೋಮೆ ಎಂಬ ಹಳ್ಳಿಗೆ ರೋಗದ ಬಗ್ಗೆ ತಿಳಿವಳಿಕೆ ಕೊಡಲು ಹೋದ ತಂಡದ ಎಂಟು ಮಂದಿಯನ್ನು ಭೀತಿಗೊಂಡ ಜನ ಕೊಂದರು. ಅವರಲ್ಲಿ ಆರೋಗ್ಯ ಸಿಬ್ಬಂದಿಯೂ ಇದ್ದರು, ಪತ್ರಕರ್ತರೂ ಇದ್ದರು.

2014ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶವಸಂಸ್ಕಾರದ ಹೊಸ ಕ್ರಮವನ್ನು ಪ್ರಕಟಿಸಿತು. ಧರ್ಮಗುರುಗಳನ್ನೂ ಮಾನವಶಾಸ್ತ್ರಜ್ಞರನ್ನೂ ಕೂಡಿಸಿಕೊಂಡು ಸಿದ್ಧಪಡಿಸಿದ್ದ ಕ್ರಮ ಅದು. ಮೊದಲು 'ಸುರಕ್ಷಿತ' ಎಂಬುದಷ್ಟೇ ಇದ್ದ ಕಡೆ 'ಸುರಕ್ಷಿತ ಮತ್ತು ಗೌರವಯುತ' ಎಂಬ ಮಾತು ಸೇರಿತು. ಮನೆಯವರೊಡನೆ ಮಾತನಾಡಿ ಒಪ್ಪಿಗೆ ಪಡೆಯದೆ ಸಂಸ್ಕಾರ ಆರಂಭಿಸಬಾರದು, ಶವಕ್ಕೆ ಬಿಳಿವಸ್ತ್ರ ಹೊದಿಸಬಹುದು, ಮುಸ್ಲಿಮರಿಗೆ ನೀರಿಲ್ಲದೆ ಮಾಡುವ ಶುದ್ಧೀಕರಣಕ್ಕೆ ಅವಕಾಶ, ದೂರದಲ್ಲಿ ನಿಂತು ಪ್ರಾರ್ಥನೆ, ಗೋರಿಯ ಮೇಲೆ ಹೆಸರು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿರಲಿಲ್ಲ. ಕೇಳಿಸಿಕೊಳ್ಳುವ ಮನಸ್ಸು ಬೇಕಿತ್ತು. ಎಬೋಲಾ ತಹಬಂದಿಗೆ ಬರುವಷ್ಟರಲ್ಲಿ 11,000ಕ್ಕೂ ಹೆಚ್ಚು ಜನ ಸತ್ತಿದ್ದರು.

ಹೆಸರಿನಿಂದಲೂ ಹಾನಿ

ರೋಗಕ್ಕೆ ಇಡುವ ಹೆಸರೂ ಒಂದು ಸಂದೇಶವೇ. 2009ರಲ್ಲಿ ಎಚ್1ಎನ್1 ಜ್ವರ ಬಂದಾಗ ಅದು 'ಹಂದಿ ಜ್ವರ'ವೆಂದು ಹೆಸರಾಯಿತು. ರೋಗ ಹರಡುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. ಆದರೂ ಈಜಿಪ್ಟಿನಲ್ಲಿ ಲಕ್ಷಾಂತರ ಹಂದಿಗಳನ್ನು ಕೊಲ್ಲಲು ಆದೇಶವಾಯಿತು. ಅವನ್ನು ಸಾಕಿ ಬದುಕುತ್ತಿದ್ದ ಬಡ ಕುಟುಂಬಗಳು ಬೀದಿಗೆ ಬಂದವು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೊಸ ರೋಗಗಳಿಗೆ ಊರು, ಜನಾಂಗ, ಪ್ರಾಣಿ, ವ್ಯಕ್ತಿಗಳ ಹೆಸರು ಇಡಬಾರದೆಂದು ಸಲಹೆ ಮಾಡಿತು. 2020ರ ಫೆಬ್ರವರಿ 11ರಂದು ಕೊಟ್ಟ 'ಕೋವಿಡ್-19' ಎಂಬ ಹೆಸರು ಈ ನಿಯಮದಂತೆ ಬಂದದ್ದು.

ಆದರೆ ಅದೇ ಕೋವಿಡ್ ಕಾಲದಲ್ಲಿ ಸಂಸ್ಥೆ ಎಡವಿತು ಕೂಡ. ಈ ರೋಗ ಗಾಳಿಯಲ್ಲಿ ಹರಡುವಂಥದಲ್ಲವೆಂದು 2020ರ ಮಾರ್ಚ್‌ನಲ್ಲಿ ಖಚಿತ ಧ್ವನಿಯಲ್ಲಿ ಸಾರಿತು. ಸಾಮಾನ್ಯ ಜನ ಮುಖಗವಸು ಹಾಕಬೇಕಾಗಿಲ್ಲವೆಂಬ ಸಲಹೆಯನ್ನು ಜೂನ್ ತಿಂಗಳಲ್ಲಿ ಬದಲಿಸಿತು. ಗಾಳಿಯ ಮೂಲಕವೂ ಹರಡುತ್ತದೆ ಎಂಬುದನ್ನು ಸ್ಪಷ್ಟ ಮಾತಿನಲ್ಲಿ ಒಪ್ಪಿಕೊಳ್ಳಲು 2021 ಬರಬೇಕಾಯಿತು. ಹೊಸ ರೋಗದ ಬಗ್ಗೆ ತಿಳಿವಳಿಕೆ ಬದಲಾಗುವುದು ತಪ್ಪಲ್ಲ, ಅದು ವಿಜ್ಞಾನದ ಸ್ವಭಾವ. ತಪ್ಪಾದದ್ದು, ಇನ್ನೂ ತೀರ್ಮಾನವಾಗದ ವಿಷಯವನ್ನು ತೀರ್ಮಾನವಾದಂತೆ ಹೇಳಿದ್ದು. "ಈವರೆಗೆ ನಮಗೆ ತಿಳಿದದ್ದು ಇಷ್ಟು, ಹೆಚ್ಚು ತಿಳಿದಂತೆ ಸಲಹೆ ಬದಲಾಗಬಹುದು" ಎಂದಿದ್ದರೆ ಜನ ಅರ್ಥಮಾಡಿಕೊಳ್ಳುತ್ತಿದ್ದರು. ಒಳ್ಳೆಯ ವೈದ್ಯರು ರೋಗಿಗೆ ಹೇಳುವುದೂ ಹೀಗೆಯೇ ಅಲ್ಲವೆ?

ವಿಚಿತ್ರವೆಂದರೆ ಈ ಬುದ್ಧಿವಾದ ಸಂಸ್ಥೆಯ ಸ್ವಂತ ಪುಸ್ತಕದಲ್ಲೇ ಇತ್ತು. ಸಾರ್ಸ್ ರೋಗದ ಅನುಭವದ ನಂತರ 2005ರಲ್ಲಿ ಅದು ಹೊರತಂದ ಮಾರ್ಗಸೂಚಿಯಲ್ಲಿ ಐದು ಸೂತ್ರಗಳಿವೆ: ನಂಬಿಕೆ ಗಳಿಸುವುದು, ಬೇಗ ತಿಳಿಸುವುದು, ಮುಚ್ಚುಮರೆ ಇಲ್ಲದಿರುವುದು, ಜನರ ಮನಸ್ಸನ್ನು ಅರಿಯುವುದು, ಮುಂಚೆಯೇ ಯೋಜಿಸುವುದು. ಸಂಸ್ಥೆ 2017ರಲ್ಲಿ ಪ್ರಕಟಿಸಿದ ಯೋಜಿತ ಸಂವಹನದ ಚೌಕಟ್ಟಿನಲ್ಲಿ ಆರೋಗ್ಯ ಸಂದೇಶಕ್ಕೆ ಇರಬೇಕಾದ ಆರು ಗುಣಗಳನ್ನು ಹೇಳಿದೆ. ಅದು ಕೈಗೆಟುಕಬೇಕು, ಮಾಡಲು ಬರುವಂತಿರಬೇಕು, ನಂಬಲರ್ಹವಾಗಿರಬೇಕು, ಕೇಳುವವರಿಗೆ ಸಂಬಂಧಪಟ್ಟಿರಬೇಕು, ಸಕಾಲದಲ್ಲಿ ಬರಬೇಕು, ಅರ್ಥವಾಗಬೇಕು.

ನಮ್ಮ ಮನೆಯೊಳಗೆ

ಇದೆಲ್ಲ ಜಿನೀವಾದ ಅಧಿಕಾರಿಗಳ ವಿಷಯ, ನಮಗೇನು ಎನ್ನಬೇಡಿ. ಇಂದು ಪ್ರತಿ ಮನೆಯೂ ಒಂದು ಪ್ರಸಾರ ಕೇಂದ್ರ. ಬೆಳಿಗ್ಗೆ ಏಳುವಷ್ಟರಲ್ಲಿ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಆರೋಗ್ಯ ಸಂದೇಶಗಳು ಬಂದಿರುತ್ತವೆ. ಅವುಗಳಲ್ಲಿ ಒಂದೆರಡನ್ನು ನಾವೂ ಮುಂದಕ್ಕೆ ಕಳುಹಿಸಿರುತ್ತೇವೆ. ಮೇಲಿನ ಆರು ಗುಣಗಳನ್ನೇ ಒರೆಗಲ್ಲಾಗಿ ಇಟ್ಟುಕೊಂಡರೆ ಜೊಳ್ಳು ಬೇಗ ತಿಳಿಯುತ್ತದೆ.

ಮೊದಲನೆಯದಾಗಿ, ಇದನ್ನು ಹೇಳಿದವರು ಯಾರು, ಯಾವ ದಿನಾಂಕದ್ದು ಎಂದು ನೋಡಿ. 'ಒಬ್ಬ ದೊಡ್ಡ ಡಾಕ್ಟರು ಹೇಳಿದ್ದಾರೆ' ಎಂದಷ್ಟೇ ಇದ್ದು ಹೆಸರಿಲ್ಲದಿದ್ದರೆ ಅಲ್ಲಿಗೇ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಇದ್ದ ಮಾತ್ರಕ್ಕೆ ಅದು ಅವರದೇ ಎಂದೂ ತಿಳಿಯಬೇಡಿ. ಮುದ್ರೆಯ ಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು.

ಎರಡನೆಯದಾಗಿ, ಸಂದೇಶ ಭಯವನ್ನು ಮಾತ್ರ ಕೊಡುತ್ತಿದೆಯೇ, ಮಾಡಬೇಕಾದ ಕೆಲಸವನ್ನೂ ಹೇಳುತ್ತಿದೆಯೇ? ಎಬೋಲಾದ ಮೊದಲ ಪೋಸ್ಟರುಗಳನ್ನು ನೆನೆಸಿಕೊಳ್ಳಿ.

ಮೂರನೆಯದಾಗಿ, ಹೇಳಿದ್ದು ನಿಮಗೆ ನಿಖರವಾಗಿ ಅರ್ಥವಾಯಿತೇ? ಭೇದಿಗೆ ಕೊಡುವ ಓಆರ್‌ಎಸ್ ಪೊಟ್ಟಣವನ್ನೇ ತೆಗೆದುಕೊಳ್ಳಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಬೆರೆಸಬೇಕು. ಚಿಕ್ಕ ಪೊಟ್ಟಣಗಳು 200 ಮಿಲಿಲೀಟರ್ ನೀರಿಗೆ, ಅಂದರೆ ಸಾಮಾನ್ಯವಾಗಿ ಒಂದು ಲೋಟಕ್ಕೆ. 'ನೀರಿನಲ್ಲಿ ಕಲಸಿ ಕುಡಿಸಿ' ಎಂದಷ್ಟೇ ಹೇಳಿದರೆ ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯುವವರೂ ಇದ್ದಾರೆ. ಉಪ್ಪು ಹೆಚ್ಚಾಗಿ ಮಗುವಿಗೆ ಅದು ಅಪಾಯ. ಪೊಟ್ಟಣದ ಮೇಲೆ ಬರೆದದ್ದನ್ನು ಓದಿ, ಯಾವ ಪಾತ್ರೆಯಲ್ಲಿ ಅಳೆಯಬೇಕೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

ನಾಲ್ಕನೆಯದಾಗಿ, ಸಂಶಯ ಬಂದರೆ ನುಂಗಿಕೊಳ್ಳಬೇಡಿ. ಈ ಲಸಿಕೆ ಏಕೆ, ಎಷ್ಟು ಸಲ, ಹಾಕಿದ ಮೇಲೆ ಜ್ವರ ಬಂದರೆ ಏನು ಮಾಡಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಪ್ರಶ್ನೆ ಕೇಳಿದ ತಾಯಿಯನ್ನು ಗದರುವ ಸಿಬ್ಬಂದಿ, ಲಸಿಕೆಯ ಸೀಸೆಯನ್ನು ಬಿಸಿಲಿನಲ್ಲಿ ಇಟ್ಟಷ್ಟೇ ತಪ್ಪು ಮಾಡುತ್ತಾರೆ. ಒಂದರಲ್ಲಿ ಲಸಿಕೆ ಕೆಡುತ್ತದೆ, ಇನ್ನೊಂದರಲ್ಲಿ ನಂಬಿಕೆ.

ಮನೆಯ ಹಿರಿಯರು ಲಸಿಕೆ ಬೇಡವೆಂದರೆ ಅವರನ್ನು ಹಳೆಯ ಕಾಲದವರೆಂದು ಹಂಗಿಸಬೇಡಿ. ಏಕೆ ಬೇಡ ಎಂದು ಕೇಳಿ. ಎಂದೋ ಚುಚ್ಚುಮದ್ದಿನ ಜಾಗ ಕೀವಾಗಿದ್ದಿರಬಹುದು, ಯಾರದೋ ಮಗುವಿಗೆ ಜ್ವರ ಬಂದದ್ದನ್ನು ಕಂಡಿರಬಹುದು. ಭಯದ ಬೇರು ಸಿಕ್ಕಿದರೆ ಉತ್ತರ ಹೇಳುವುದು ಸುಲಭ.

ಕಾಡು ಪೋಲಿಯೋ ವೈರಸ್ಸು ಇನ್ನೂ ಪೂರ್ತಿ ತೊಲಗಿಲ್ಲ. 2024ರಲ್ಲೂ ನಮ್ಮ ನೆರೆಯ ಪಾಕಿಸ್ತಾನದಲ್ಲಿ, ಆಫ್ಘಾನಿಸ್ತಾನದಲ್ಲಿ ಮಕ್ಕಳು ಅದಕ್ಕೆ ತುತ್ತಾದರು. ಆದ್ದರಿಂದಲೇ ಇಲ್ಲಿ ರೋಗವಿಲ್ಲದಿದ್ದರೂ ಹನಿ ಹಾಕುವುದನ್ನು ಬಿಡುವಂತಿಲ್ಲ. ಮುಂದಿನ ಸಲ ಪೆಟ್ಟಿಗೆ ಹೊತ್ತ ಹೆಣ್ಣುಮಗಳು ನಿಮ್ಮ ಬಾಗಿಲಿಗೆ ಬಂದಾಗ ಮಗುವನ್ನು ಎತ್ತಿಕೊಂಡು ಬನ್ನಿ. ಬಿಸಿಲಿನಲ್ಲಿ ಬಂದವರಿಗೆ ಒಂದು ಲೋಟ ನೀರು ಕೊಡಿ. ಕೇಳಬೇಕಾದ್ದನ್ನು ಕೇಳಿ, ಅವರು ಹೇಳುವುದನ್ನೂ ಕೇಳಿಸಿಕೊಳ್ಳಿ. ಹನಿ ಹಾಕಲು ಅರ್ಧ ನಿಮಿಷ ಸಾಕು, ಮಾತಿಗೆ ಇನ್ನೈದು ನಿಮಿಷ ಬೇಕಾದೀತು. ಆ ಐದು ನಿಮಿಷವೂ ಚಿಕಿತ್ಸೆಯ ಭಾಗವೇ.